ಅಲೆದಾಟವೇ ಗುರುಕುಲ: ಎಂ.ಎಫ್. ಹುಸೇನರ ಚಿತ್ರಶೈಲಿಯ ಒಂದು ಜಾನಪದೀಯ ಅಧ್ಯಯನ

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಭಾಗದ ಹಳ್ಳಿಗಳ ಬದುಕಿನಲ್ಲಿ ಎರಡು ನಡಿಗೆಗಳಿಗೆ ವಿಶೇಷ ಸ್ಥಾನವಿದೆ. ಒಂದು, ಆಷಾಢ ಏಕಾದಶಿಗೆ ಪಂಢರಪುರದ ಕಡೆಗೆ ಹೊರಡುವ ದಿಂಡಿ. ಇನ್ನೊಂದು, ಮೊಹರಮ್ಮಿನಲ್ಲಿ ಅಲಾಯಿ ದೇವರು ಊರೊಳಗೆ ಮಾಡುವ ಸವಾರಿ. ಮೊದಲನೆಯದರಲ್ಲಿ ತಾಳ ಮತ್ತು ಪತಾಕೆಗಳೊಡನೆ ಊರು ತನ್ನ ಎಲ್ಲೆಯನ್ನು ದಾಟಿ ಹೋಗುತ್ತದೆ. ಎರಡನೆಯದರಲ್ಲಿ ಕರ್ಬಲಾ ಎಂಬ ದೂರದ ಊರು ರಿವಾಯತ ಪದಗಳ ಮೂಲಕ ಹಳ್ಳಿಯ ಅಗಸೆಯೊಳಗೆ ಬರುತ್ತದೆ. ಎರಡರಲ್ಲಿಯೂ ಜಾತಿ ಮತಗಳ ಗೆರೆಗಳು ಕೆಲಕಾಲ ಮಸುಕಾಗುತ್ತವೆ. ಎರಡೂ ದೇವರನ್ನು ಚಲನೆಯಲ್ಲಿ ಕಾಣುವ ಕ್ರಮಗಳೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಈ ಎರಡು ನಡಿಗೆಗಳೂ ಒಬ್ಬ ಚಿತ್ರಕಾರನ ಬದುಕಿನಲ್ಲಿ ಒಟ್ಟಿಗೆ ಬಂದು ಸೇರಿದುದು ಆಧುನಿಕ ಭಾರತೀಯ ಕಲೆಯ ಚರಿತ್ರೆಯ ಮಹತ್ವದ ಘಟನೆ. ಮಕ್ಬೂಲ್ ಫಿದಾ ಹುಸೇನ್ ಹುಟ್ಟಿದ್ದು 1915ರಲ್ಲಿ, ಇಂದಿನ ಸೋಲಾಪುರ ಜಿಲ್ಲೆಯ ಪಂಢರಪುರದಲ್ಲಿ. ಕನ್ನಡ ಹರಿದಾಸರು ತಮ್ಮ ಅಂಕಿತಗಳಲ್ಲಿ ನೆನೆದ, ಮರಾಠಿ ಸಂತರು 'ಕಾನಡಾ' ಎಂದು ಕರೆದ ವಿಠ್ಠಲನ ಊರದು. ಮನೆತನ ಸುಲೇಮಾನಿ ಬೋಹರಾ ಪಂಗಡದ್ದು. ಇಮಾಂ ಹುಸೇನರ ಬಲಿದಾನದ ಸ್ಮರಣೆ ಆ ಪರಂಪರೆಯ ಕೇಂದ್ರದಲ್ಲಿದೆ. ಹುಸೇನರು ಕನ್ನಡಿಗರಲ್ಲ. ಆದರೆ ಅವರ ಚಿತ್ರಗಳನ್ನು ಪೋಷಿಸಿದ ದೃಶ್ಯಲೋಕವು ಕನ್ನಡ ಗಡಿಯ ಜನಪದಕ್ಕೆ ಹೊರಗಿನದಲ್ಲ. ಕಲಾವಿಮರ್ಶೆಯು ಅವರನ್ನು ಬಹುಮಟ್ಟಿಗೆ ಪಾಶ್ಚಾತ್ಯ ಆಧುನಿಕತೆಯ ಅಳತೆಗೋಲಿನಿಂದಲೇ ಅಳೆಯುತ್ತ ಬಂದಿದೆ. ಹುಸೇನರನ್ನು 'ಭಾರತದ ಪಿಕಾಸೋ' ಎಂದು ಕರೆಯುವ ರೂಢಿ ಇದಕ್ಕೆ ಸಾಕ್ಷಿ. ಪ್ರಸ್ತುತ ಪ್ರಬಂಧವು ಈ ಅಳತೆಗೋಲನ್ನು ಬದಿಗಿರಿಸಿ, ಜಾನಪದ ಅಧ್ಯಯನದ ನೆಲೆಯಿಂದ ಎರಡು ಪ್ರಶ್ನೆಗಳನ್ನು ಎತ್ತುತ್ತದೆ. 'ಸ್ವಯಂ ಕಲಿತ' ಎಂದರೆ ಏನು? ಪಯಣವು ಒಬ್ಬ ಕಲಾವಿದನ ಶೈಲಿಯನ್ನು ಯಾವ ಬಗೆಯಲ್ಲಿ ಬದಲಿಸುತ್ತದೆ?

ಕಲಿಕೆಯ ಪ್ರಶ್ನೆ

ಹುಸೇನರನ್ನು ಸ್ವಯಂ ಕಲಿತ ಚಿತ್ರಕಾರರೆಂದು ಗುರುತಿಸುವುದು ವಾಡಿಕೆ. ಇಂದೋರಿನ ಕಲಾಶಾಲೆಯಲ್ಲಿ ಕೆಲಕಾಲ ಸಂಜೆಯ ತರಗತಿಗಳಿಗೆ ಹೋದುದನ್ನು ಬಿಟ್ಟರೆ ಅವರಿಗೆ ವ್ಯವಸ್ಥಿತವಾದ ಶಿಕ್ಷಣ ದೊರೆಯಲಿಲ್ಲ ಎಂಬ ಅರ್ಥದಲ್ಲಿ ಈ ಮಾತು ಸರಿ. ಅವರ ಸಮಕಾಲೀನರಾದ ನಮ್ಮ ಕೆ.ಕೆ. ಹೆಬ್ಬಾರರೊಡನೆ ಹೋಲಿಸಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಉಡುಪಿ ಸಮೀಪದ ಕಟ್ಟಿಂಗೇರಿಯ ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು, ಅಲ್ಲಿಯೇ ಕಲಿಸಿದರು, ಮುಂದೆ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಅಭ್ಯಾಸ ಮಾಡಿದರು. ಅವರು ಪ್ರವಾಸಗಳಿಂದ ಪಡೆದುದನ್ನು ಒಂದು ಭದ್ರವಾದ ಶಾಸ್ತ್ರದ ಮೇಲೆ ಕೂಡಿಸಿದರು. ಹುಸೇನರಿಗೆ ಅಂತಹ ಅಡಿಪಾಯವಿರಲಿಲ್ಲ. ನೋಡಿದ್ದು, ಮಾಡಿದ್ದು, ಹೊಟ್ಟೆಪಾಡಿಗೆ ಹಿಡಿದ ಕೆಲಸ, ಇವೇ ಅವರ ಅಡಿಪಾಯವಾದವು.

ಜಾನಪದ ದೃಷ್ಟಿಯಿಂದ ನೋಡಿದಾಗ 'ಸ್ವಯಂ ಕಲಿತ' ಎಂಬ ಪದದಲ್ಲಿಯೇ ಒಂದು ಯಜಮಾನಿಕೆಯ ಧ್ವನಿಯಿದೆ. ಶಾಲೆಯ ಪ್ರಮಾಣಪತ್ರವಿಲ್ಲದ ಎಲ್ಲ ಕಲಿಕೆಯನ್ನೂ ಅದು ಗುರುವಿಲ್ಲದ ಕಲಿಕೆಯೆಂದು ಭಾವಿಸುತ್ತದೆ. ತೊಗಲುಗೊಂಬೆಗೆ ಬಣ್ಣ ಹಚ್ಚುವ ಕಿಳ್ಳೇಕ್ಯಾತರ ಹುಡುಗನನ್ನಾಗಲಿ, ಕಿನ್ನಾಳದ ಚಿತ್ರಗಾರರ ಮನೆಯ ಮಗುವನ್ನಾಗಲಿ ಯಾರೂ ಸ್ವಯಂ ಕಲಿತವರೆಂದು ಕರೆಯಲಾರರು. ಅವರು ಕುಲದಿಂದ, ಕಸುಬಿನಿಂದ, ಕಣ್ಣಿನಿಂದ ಕಲಿತವರು. ಮಾಡುತ್ತ ಕಲಿಯುವುದು, ನೋಡುತ್ತ ತಿಳಿಯುವುದು ನಮ್ಮ ಗಾದೆಗಳೂ ಒಪ್ಪಿರುವ ವಿದ್ಯಾಕ್ರಮ. ಹುಸೇನರಿಗೆ ಕುಲಕಸುಬಿನ ಆಸರೆಯಿರಲಿಲ್ಲ. ಆದರೆ ಕಲಿಕೆಯ ಕ್ರಮ ಮಾತ್ರ ಇದೇ ಆಗಿತ್ತು.

ಈ ಕಲಿಕೆಯ ಮೊದಲ ಹಂತ ಅಕ್ಷರ. ತಾಯಿ ಜೈನಬ್ ತೀರಿಕೊಂಡಾಗ ಮಗುವಿಗೆ ಎರಡು ವರ್ಷವೂ ತುಂಬಿರಲಿಲ್ಲ. ತಂದೆ ಇಂದೋರಿಗೆ ಹೋಗಿ ನೆಲೆಸಿದರು. ಬಾಲ್ಯವು ಇಂದೋರು, ಗುಜರಾತಿನ ಸಿದ್ಧಪುರ, ಬರೋಡಗಳ ನಡುವೆ ಕಳೆಯಿತು. ಬರೋಡದ ಮದರಸಾದಲ್ಲಿ ಅರಬ್ಬಿ ಲಿಪಿಯ ಅಲಂಕಾರಿಕ ಬರವಣಿಗೆಯ ಪರಿಚಯವಾಯಿತು. ಕೈಯನ್ನು ಎತ್ತದೆ ಒಂದೇ ಬೀಸಿನಲ್ಲಿ ರೂಪವೊಂದನ್ನು ಮುಗಿಸುವ ಅವರ ರೇಖೆಯ ಗುಣಕ್ಕೆ ಇಲ್ಲಿಯೇ ಮೂಲವಿದೆ. ಎರಡನೆಯ ಹಂತ ಸಿನಿಮಾ ಫಲಕ. 1930ರ ದಶಕದಲ್ಲಿ ಮುಂಬಯಿಗೆ ಬಂದ ಹುಸೇನರು ಗ್ರಾಂಟ್ ರೋಡ್ ಪರಿಸರದಲ್ಲಿ ಸಿನಿಮಾದ ದೊಡ್ಡ ಫಲಕಗಳನ್ನು ಬರೆದು ಬದುಕಿದರು. ಫಲಕದ ಚಿತ್ರವು ದೂರದಿಂದ, ನಡೆಯುತ್ತಿರುವವನ ಕಣ್ಣಿಗೆ ಹಿಡಿಸಬೇಕು. ಆಳೆತ್ತರದ ಮುಖವನ್ನು ಹತ್ತಿರದಿಂದ ಬರೆಯುವಾಗ ಬರೆಯುವವನಿಗೆ ಇಡೀ ಮುಖ ಕಾಣುವುದಿಲ್ಲ. ಮನಸ್ಸಿನಲ್ಲಿ ಅಳತೆ ಇಟ್ಟುಕೊಂಡು ಕೈ ಬೀಸಬೇಕು. ಗಡುವಿನೊಳಗೆ ಮುಗಿಸಬೇಕಾದ್ದರಿಂದ ತಿದ್ದುವುದಕ್ಕೆ ಬಿಡುವಿಲ್ಲ. ಹುಸೇನರ ಮುಂದಿನ ಚಿತ್ರಗಳಲ್ಲಿ ಕಾಣುವ ಬೃಹತ್ ಗಾತ್ರ, ಚಪ್ಪಟೆಯಾದ ಬಣ್ಣದ ಪಟ್ಟಿಗಳು, ದಪ್ಪ ಹೊರಗೆರೆಗಳು ಈ ಬೀದಿಯ ಶಾಲೆಯಲ್ಲಿ ಕಲಿತವು. ಮೂರನೆಯ ಹಂತ ಆಟಿಕೆ. 1940ರ ದಶಕದಲ್ಲಿ ಪೀಠೋಪಕರಣದ ಅಂಗಡಿಯೊಂದಕ್ಕಾಗಿ ಅವರು ಮಕ್ಕಳ ಆಟಿಕೆಗಳನ್ನೂ ಪೀಠೋಪಕರಣಗಳನ್ನೂ ವಿನ್ಯಾಸಗೊಳಿಸಿದರು. ಆಟಿಕೆಯಲ್ಲಿ ಕುದುರೆಗೆ ಎಲ್ಲ ಕೀಲುಗಳೂ ಬೇಕಿಲ್ಲ. 'ಕುದುರೆತನ' ಒಂದಿದ್ದರೆ ಸಾಕು. ಈ ಸಂಕ್ಷೇಪದ ವಿವೇಕ ಜನಪದ ಕಲೆಯ ಬಹುಮುಖ್ಯ ಲಕ್ಷಣ.

ಶೈಲಿಯ ಸ್ಥಿತ್ಯಂತರಗಳು

1947ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಪ್ರದರ್ಶನದಲ್ಲಿ ಹುಸೇನರ ಚಿತ್ರ ಗಮನ ಸೆಳೆಯಿತು. ಎಫ್.ಎನ್. ಸೂಜಾ, ಎಸ್.ಎಚ್. ರಜಾ, ಕೆ.ಎಚ್. ಆರಾ ಮೊದಲಾದವರ ಪ್ರೊಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್‌ನಲ್ಲಿ ಅವರಿಗೆ ಸ್ಥಾನ ದೊರೆಯಿತು. ಆದರೆ ಅವರ ಶೈಲಿಗೆ ನಿರ್ಣಾಯಕ ತಿರುವು ನೀಡಿದ್ದು 1948ರ ದೆಹಲಿ ಪಯಣ. ಅಲ್ಲಿ ಏರ್ಪಟ್ಟಿದ್ದ ಭಾರತೀಯ ಕಲೆಯ ಬೃಹತ್ ಪ್ರದರ್ಶನವನ್ನು ಸೂಜಾ ಅವರೊಡನೆ ಕಂಡ ಹುಸೇನರು ಮಥುರೆಯ ಮತ್ತು ಗುಪ್ತರ ಕಾಲದ ಶಿಲ್ಪಗಳನ್ನೂ ಪಹಾಡಿ ಕಿರುಚಿತ್ರಗಳನ್ನೂ ನೋಡಿದರು. ಶಿಲ್ಪದಿಂದ ದೇಹದ ತ್ರಿಭಂಗಿ, ಕಿರುಚಿತ್ರದಿಂದ ಬಣ್ಣದ ನಿರ್ಭಿಡೆ ದೊರೆತವು. ಇವೆರಡಕ್ಕೂ ತಾವಾಗಲೇ ಬಲ್ಲ ಆಟಿಕೆಯ ಸಂಕ್ಷೇಪವನ್ನು ಅವರು ಬೆರೆಸಿದರು. ಮಾರ್ಗ ಮತ್ತು ದೇಸಿ ಎಂದು ವಿದ್ವಾಂಸರು ಬೇರ್ಪಡಿಸುವ ಧಾರೆಗಳು ಇಲ್ಲಿ ಒಂದೇ ಚೌಕಟ್ಟಿನಲ್ಲಿ ಕೂಡಿದವು.

ಈ ಕೂಡುವಿಕೆಯ ಶ್ರೇಷ್ಠ ನಿದರ್ಶನ 1954ರ 'ಗ್ರಾಮ ಯಾತ್ರಾ'. ಸುಮಾರು ಹದಿನಾಲ್ಕು ಅಡಿ ಉದ್ದದ ಈ ಚಿತ್ರದಲ್ಲಿ 13 ಖಂಡಗಳಿವೆ. ಒಂದೊಂದು ಖಂಡದಲ್ಲಿಯೂ ಹಳ್ಳಿಯ ಬದುಕಿನ ಒಂದೊಂದು ನೋಟ: ಕೆಲಸದಲ್ಲಿ ತೊಡಗಿದ ಹೆಂಗಸರು, ಮಕ್ಕಳು, ಬಂಡಿ, ಹೊಲ. ಈ ಖಂಡಗಳನ್ನು ಒಂದು ಕಥೆಯ ಎಳೆ ಜೋಡಿಸುವುದಿಲ್ಲ. ನೋಡುವವನ ನಡಿಗೆ ಜೋಡಿಸುತ್ತದೆ. ನಿಂತಲ್ಲಿಯೇ ಈ ಚಿತ್ರವನ್ನು ನೋಡಲಾಗದು. ಅದರ ಉದ್ದಕ್ಕೂ ನಡೆಯಬೇಕು. ಊರೊಂದನ್ನು ಹಾದುಹೋಗುವ ದಾರಿಹೋಕನಿಗೆ ಒಂದೊಂದು ಬಾಗಿಲಲ್ಲಿ ಒಂದೊಂದು ದೃಶ್ಯ ಕಾಣುವ ಹಾಗೆ ಇಲ್ಲಿಯ ರಚನೆಯಿದೆ. ಹೆಸರಿನಲ್ಲಿರುವ 'ಯಾತ್ರೆ' ವಸ್ತುವಿಗೆ ಮಾತ್ರ ಸಲ್ಲದೆ ನೋಟದ ಕ್ರಮಕ್ಕೂ ಸಲ್ಲುತ್ತದೆ. ಒಂದು ಖಂಡದಲ್ಲಿ ಕುಳಿತ ರೈತನ ತೋಳು ತನ್ನ ಚೌಕಟ್ಟನ್ನು ದಾಟಿ ಪಕ್ಕದ ಖಂಡದಲ್ಲಿರುವ ನೆಲವನ್ನು ಹಿಡಿದಿದೆ. ಇಡೀ ಚಿತ್ರದ ಅರ್ಥ ಆ ಒಂದು ತೋಳಿನಲ್ಲಿ ಅಡಗಿದೆ ಎನ್ನಬಹುದು. ಸ್ವಾತಂತ್ರ್ಯ ಬಂದು ಏಳು ವರ್ಷಗಳಾಗಿದ್ದ ದೇಶದಲ್ಲಿ ಭೂಮಿಯನ್ನು ಹೊತ್ತವನು ಯಾರು ಎಂಬುದನ್ನು ಅದು ಘೋಷಣೆಯಿಲ್ಲದೆ ಹೇಳುತ್ತದೆ.

ಈ ಚಿತ್ರದ ಪಯಣವೂ ಕುತೂಹಲಕರ. ಬರೆದ ವರ್ಷವೇ ದೆಹಲಿಯಲ್ಲಿದ್ದ ನಾರ್ವೆಯ ವೈದ್ಯರೊಬ್ಬರ ಕೈಸೇರಿ, ಮುಂದೆ ದಶಕಗಳ ಕಾಲ ಓಸ್ಲೋದ ಆಸ್ಪತ್ರೆಯೊಂದರಲ್ಲಿ ತೂಗುಹಾಕಿದ್ದ ಅದು 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1.37 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಆಧುನಿಕ ಭಾರತೀಯ ಕಲಾಕೃತಿಯೊಂದಕ್ಕೆ ಅಲ್ಲಿಯವರೆಗೆ ಹರಾಜಿನಲ್ಲಿ ಬಂದಿದ್ದ ಬೆಲೆಗಳನ್ನೆಲ್ಲ ಅದು ಮೀರಿಸಿತು. ಹಳ್ಳಿಯ ದುಡಿಮೆಯ ಚಿತ್ರಕ್ಕೆ ಹಳ್ಳಿಯು ಊಹಿಸಲಾರದ ಬೆಲೆ ಬಂದ ಈ ವೈರುಧ್ಯದ ಬಗೆಗೆ ಮುಂದೆ ಚರ್ಚಿಸಲಾಗುವುದು.

1950ರ ದಶಕದ ಆರಂಭದಲ್ಲಿ ಕೈಗೊಂಡ ಚೀನಾ ಮತ್ತು ಯುರೋಪು ಪಯಣಗಳು ಅವರಿಗೆ ಕುದುರೆಯನ್ನು ಕೊಟ್ಟವೆಂದು ವಿಮರ್ಶಕರು ಹೇಳುತ್ತಾರೆ. ಚೀನಾದ ಟಾಂಗ್ ಕಾಲದ ಮಣ್ಣಿನ ಕುದುರೆಗಳು, ಷು ಬೈಹೋಂಗರ ಮಸಿಯ ಕುದುರೆಗಳು, ಇಟಲಿಯ ಮರೀನೊ ಮರೀನಿಯ ಶಿಲ್ಪಗಳು ಹುಸೇನರ ಮೇಲೆ ಪರಿಣಾಮ ಬೀರಿದ್ದು ನಿಜ. ಆದರೆ ಅದಕ್ಕೂ ಮೊದಲು ಅವರ ಕಣ್ಣಿನಲ್ಲಿ ಇನ್ನೊಂದು ಕುದುರೆ ಇತ್ತು. ಬಾಲ್ಯದಲ್ಲಿ ಮೊಹರಮ್ ಮೆರವಣಿಗೆಯಲ್ಲಿ ಕಂಡ ದುಲ್ದುಲ್ ಅದು: ಸವಾರನನ್ನು ಕಳೆದುಕೊಂಡ, ಶೋಕವನ್ನು ಹೊತ್ತು ನಡೆಯುವ ಕುದುರೆ. ಹುಸೇನರ ಕುದುರೆಗಳ ಮೇಲೆ ಬಹುಸಲ ಸವಾರನಿಲ್ಲ ಎಂಬುದನ್ನು, ಅವುಗಳ ಕುತ್ತಿಗೆ ಹಿಂದಕ್ಕೆ ಹೊರಳಿರುವುದನ್ನು, ಬಾಯಿ ತೆರೆದಿರುವುದನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅವು ಬರಿಯ ಶಕ್ತಿಯ ಸಂಕೇತಗಳಾಗಿ ಉಳಿಯುವುದಿಲ್ಲ. ವಿಜಯಪುರ ಸೀಮೆಯ ರಿವಾಯತಗಳನ್ನು ಕೇಳಿ ಬೆಳೆದವರಿಗೆ ಈ ಓದು ಹೊಸದೆನಿಸದು. ಚೀನಾ ಮತ್ತು ಇಟಲಿಗಳು ಅವರಿಗೆ ಹೊಸ ವಸ್ತುವನ್ನು ಕೊಡಲಿಲ್ಲ. ಒಳಗಿದ್ದ ವಸ್ತುವಿಗೆ ಹೊಸ ಮೈಕಟ್ಟು ಕೊಟ್ಟವು. ದೂರದ ಪಯಣವು ಹುಟ್ಟೂರಿನ ನೆನಪನ್ನು ಎಚ್ಚರಿಸುವ ಬಗೆಯಿದು.

ಇದೇ ಮಾತನ್ನು ಕಾಶಿಯ ಪಯಣದಿಂದ ಪರೀಕ್ಷಿಸಬಹುದು. 1960ರ ಸುಮಾರಿಗೆ ಹುಸೇನರು ಮತ್ತು ರಾಮ್‌ಕುಮಾರರು ಜೊತೆಯಾಗಿ ಕಾಶಿಗೆ ಹೋದರು. ಘಟ್ಟಗಳು, ಗಂಗೆ, ಓಣಿಗಳು ಇಬ್ಬರ ಎದುರಿಗೂ ಅವೇ. ಆ ಪಯಣದಿಂದ ರಾಮ್‌ಕುಮಾರರ ಚಿತ್ರಗಳಲ್ಲಿ ಮನುಷ್ಯಾಕೃತಿ ಕ್ರಮೇಣ ಮಾಯವಾಗಿ, ನಗರವು ಅಮೂರ್ತವಾದ ಮೌನವಾಯಿತು. ಹುಸೇನರಲ್ಲಿ ಮನುಷ್ಯರು ಉಳಿದರು. ಪಯಣವೇ ಶೈಲಿಯನ್ನು ರೂಪಿಸುವುದಾದರೆ ಇಬ್ಬರೂ ಒಂದೇ ಕಡೆಗೆ ಸಾಗಬೇಕಿತ್ತು. ಸ್ಥಳಕ್ಕಿಂತ ಆ ಸ್ಥಳಕ್ಕೆ ಹೊತ್ತುಕೊಂಡು ಹೋದ ಬುತ್ತಿ ಮುಖ್ಯವೆಂಬುದು ಇದರಿಂದ ಸಿದ್ಧವಾಗುತ್ತದೆ.

1967ರಲ್ಲಿ ಫಿಲ್ಮ್ಸ್ ಡಿವಿಜನ್‌ಗಾಗಿ ರಾಜಸ್ತಾನದಲ್ಲಿ ತೆಗೆದ ಕಿರುಚಿತ್ರ 'ಥ್ರೂ ದಿ ಐಸ್ ಆಫ್ ಎ ಪೇಂಟರ್' ಬರ್ಲಿನ್ ಚಲನಚಿತ್ರೋತ್ಸವದಲ್ಲಿ ಸ್ವರ್ಣ ಕರಡಿ ಪ್ರಶಸ್ತಿ ಪಡೆಯಿತು. ಅದರಲ್ಲಿ ಕಥೆಯಿಲ್ಲ, ವಿವರಣೆಯ ಮಾತೂ ಇಲ್ಲ. ಕಂದೀಲು, ಕೊಡೆ, ಕಾಲ್ಮರಿ ಮೊದಲಾದ ವಸ್ತುಗಳು ಮರಳಿ ಮರಳಿ ಬರುತ್ತವೆ. ಕಂದೀಲು ಮತ್ತು ಕೊಡೆಗಳು ಅಜ್ಜನ ನೆನಪಿನ ವಸ್ತುಗಳು. ಬಿಡಿ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ಸಂಬಂಧವನ್ನು ಕೇಳುಗನಿಗೆ ಬಿಡುವ ಈ ಕ್ರಮ ಒಗಟು ಮತ್ತು ತ್ರಿಪದಿಗಳನ್ನು ಬಲ್ಲವರಿಗೆ ಪರಿಚಿತವಾದುದು.

ಎತ್ತಿನ ಬಂಡಿಯ ಮೇಲಿನ ರಾಮಾಯಣ

ಹುಸೇನರ ಎಲ್ಲ ಪಯಣಗಳಲ್ಲಿ ಜಾನಪದ ವಿದ್ವಾಂಸರ ಗಮನಕ್ಕೆ ಅತ್ಯಂತ ಅರ್ಹವಾದುದು ತೀರ ಚಿಕ್ಕದು. ಸಿರಿವಂತರ ದಿವಾನಖಾನೆಗಳನ್ನು ಬಿಟ್ಟು ರಾಮಾಯಣವನ್ನು ಚಿತ್ರಿಸಬೇಕೆಂದು ರಾಮಮನೋಹರ ಲೋಹಿಯಾ ಅವರು ಹುಸೇನರಿಗೆ ಸೂಚಿಸಿದ್ದರು. 1967ರಲ್ಲಿ ಲೋಹಿಯಾ ತೀರಿಕೊಂಡರು. ಆ ಬಳಿಕ ಹುಸೇನರು ಹೈದರಾಬಾದಿನ ಬದರಿವಿಶಾಲ ಪಿತ್ತಿ ಅವರ ಆಶ್ರಯದಲ್ಲಿ ವಾಲ್ಮೀಕಿ ಮತ್ತು ತುಳಸಿ ರಾಮಾಯಣಗಳನ್ನು ಓದಿ, ಪಂಡಿತರೊಡನೆ ಚರ್ಚಿಸಿ, ಹಲವು ವರ್ಷಗಳ ಅವಧಿಯಲ್ಲಿ ಸುಮಾರು 150 ಚಿತ್ರಗಳನ್ನು ಬರೆದರು. ಹುಸೇನರೇ ಹೇಳಿಕೊಂಡಿರುವಂತೆ, ಈ ಚಿತ್ರಗಳನ್ನು ಎತ್ತಿನ ಬಂಡಿಯಲ್ಲಿ ಸುತ್ತಲಿನ ಹಳ್ಳಿಗಳಿಗೆ ಒಯ್ದು ಹರಡಿದಾಗ ಜನ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ನಗರದವರು ಕಣ್ಣೆಲ್ಲಿ, ಇವನು ರಾಮನೆಂಬುದು ಹೇಗೆ ಎಂದು ಕೇಳುತ್ತಿದ್ದರು. ಕಲ್ಲಿಗೆ ಸಿಂಧೂರ ಹಚ್ಚಿದರೆ ಹನುಮಂತನೆಂದು ತಿಳಿಯುವ ಹಳ್ಳಿಯವರಿಗೆ ಆ ಸಂಶಯ ಬರಲಿಲ್ಲ ಎಂಬುದು ಅವರ ಅನುಭವದ ಸಾರ.

ಈ ಪ್ರಸಂಗವನ್ನು ಭಾವುಕತೆಯಿಲ್ಲದೆ ನೋಡಬೇಕು. ಹಳ್ಳಿಗರು ಆಧುನಿಕ ಕಲೆಯನ್ನು ಬಲ್ಲವರಾಗಿದ್ದರು ಎಂದು ಇದರ ಅರ್ಥವಲ್ಲ. ರೂಪವು ಪೂರ್ಣವಾಗಿರಬೇಕೆಂಬ ಒತ್ತಾಯ ಅವರ ದೃಶ್ಯಸಂಸ್ಕಾರದಲ್ಲಿ ಇಲ್ಲ. ನಮ್ಮ ಊರ ಹೊರಗಿನ ಹನುಮಪ್ಪ, ಬೇವಿನ ಮರದ ಬುಡದ ದುರ್ಗವ್ವನ ಕಲ್ಲು, ಅಲಾಯಿ ಪಂಜಾ, ಇವು ಯಾವುವೂ ಮನುಷ್ಯನ ಮೈಯನ್ನು ಅನುಕರಿಸುವುದಿಲ್ಲ. ಆದರೂ ಅವು ದೇವರಾಗಿ ಕಾಣುತ್ತವೆ. ಕಾಣುವವನ ನಂಬಿಕೆ ರೂಪದ ಉಳಿದ ಭಾಗವನ್ನು ತುಂಬುತ್ತದೆ. ಊರಿನಿಂದ ಊರಿಗೆ ಅಲೆದು ಕಲಿತ ಶೈಲಿಯೊಂದು ಎತ್ತಿನ ಬಂಡಿಯೇರಿ ಮರಳಿ ಊರಿಗೆ ಬಂದಾಗ, ಅದು ಪರಕೀಯವೆನಿಸಲಿಲ್ಲ. ತೊಗಲುಗೊಂಬೆಯವರ ಬಂಡಿ ಊರಿಗೆ ಬಂದಂತೆ ರಾಮಾಯಣದ ಬಂಡಿಯೊಂದು ಬಂದಿತ್ತು.

ಸೂತ್ರ ಮತ್ತು ಪುನರಾವರ್ತನೆ

ಹುಸೇನರ ಸಾಧನೆಯನ್ನು ಒಪ್ಪುವಾಗ ಅವರ ಮಿತಿಗಳನ್ನೂ ಹೇಳಬೇಕಾಗುತ್ತದೆ. 1980ರ ದಶಕದಿಂದಾಚೆಗೆ ಅವರ ಕುದುರೆ, ಅವರ ಮುಖವಿಲ್ಲದ ಹೆಣ್ಣು, ಅವರ ಕಂದೀಲು ಹಲವೆಡೆ ಯಾಂತ್ರಿಕವಾಗಿ ಮರುಕಳಿಸಿದವು. ಮುಕ್ತಿಬೋಧರ ನಿಧನದ ವರ್ಷವಾದ 1964ರಿಂದ ಬರಿಗಾಲಲ್ಲಿ ನಡೆಯತೊಡಗಿದರೆಂದು ಹೇಳಲಾಗುವ ಕಲಾವಿದನ ಬರಿಗಾಲೂ ಕ್ರಮೇಣ ಒಂದು ಗುರುತಿನ ಚೀಟಿಯಾಯಿತು. ಪುನರಾವರ್ತನೆ ಜನಪದದಲ್ಲಿ ದೋಷವಲ್ಲ. ಮೌಖಿಕ ಕಾವ್ಯ ನಿಂತಿರುವುದೇ ಸೂತ್ರಗಳ ಮೇಲೆ. ಆದರೆ ಹಾಡುಗಾರ ಸೂತ್ರವನ್ನು ಪ್ರತಿಸಲ ಬೇರೆ ಕೇಳುಗರ ಎದುರು, ಬೇರೆ ಸಂದರ್ಭದಲ್ಲಿ ಬಳಸುತ್ತಾನೆ. ಕೇಳುಗರ ಪ್ರತಿಕ್ರಿಯೆ ಅದಕ್ಕೆ ಜೀವ ತುಂಬುತ್ತದೆ. ಮಾರುಕಟ್ಟೆಯು ಸೂತ್ರವನ್ನು ಅದೇ ಸೂತ್ರವೆಂಬ ಕಾರಣಕ್ಕಾಗಿಯೇ ಕೊಳ್ಳುತ್ತದೆ. ಹುಸೇನರ ಉತ್ತರಾರ್ಧದ ಹಲವು ಚಿತ್ರಗಳಲ್ಲಿ ಪಯಣ ಮುಂದುವರಿದರೂ ಕಲಿಕೆ ನಿಂತಿರುವುದು ಈ ಕಾರಣದಿಂದ. ಎತ್ತಿನ ಬಂಡಿಯ ಪಯಣದಲ್ಲಿ ನೋಡುವವರು ಎದುರಿಗಿದ್ದರು; ಹರಾಜುಕಟ್ಟೆಯ ಪಯಣದಲ್ಲಿ ಬೆಲೆ ಮಾತ್ರ ಎದುರಿಗಿತ್ತು.

ತುರ್ತುಪರಿಸ್ಥಿತಿಯ ಕಾಲದಲ್ಲಿ ಇಂದಿರಾ ಗಾಂಧಿಯವರನ್ನು ದುರ್ಗೆಯಾಗಿ ಚಿತ್ರಿಸಿದ್ದು ಇನ್ನೊಂದು ಮಿತಿ. ಅರಸನನ್ನು ದೇವರೊಡನೆ ಸಮೀಕರಿಸುವ ಬಿರುದಾವಳಿಯ ಪರಂಪರೆಯೂ ನಮ್ಮ ಜನಪದದಲ್ಲಿದೆ ಎಂಬುದನ್ನು ಮರೆಯುವಂತಿಲ್ಲ. ಅಲೆಮಾರಿಯ ಕಣ್ಣು ಸ್ವತಂತ್ರವಾಗಿರುತ್ತದೆ ಎಂಬ ನಂಬಿಕೆ ಎಲ್ಲ ಕಾಲಕ್ಕೂ ನಿಜವಾಗುವುದಿಲ್ಲ.

ವಿವಾದ ಮತ್ತು ವಲಸೆ

1996ರಲ್ಲಿ, ಹುಸೇನರು 1970ರ ದಶಕದಲ್ಲಿ ಬರೆದಿದ್ದ ದೇವತೆಗಳ ನಗ್ನಚಿತ್ರಗಳನ್ನು ಹಿಂದಿ ಪತ್ರಿಕೆಯೊಂದು ಪ್ರಕಟಿಸಿದ ಮೇಲೆ ವಿವಾದವೆದ್ದಿತು. 1998ರಲ್ಲಿ ಅವರ ಮುಂಬಯಿ ಮನೆಯ ಮೇಲೆ ದಾಳಿ ನಡೆಯಿತು. ದೇಶದ ಹಲವೆಡೆ ಮೊಕದ್ದಮೆಗಳು ದಾಖಲಾದವು. 2006ರಲ್ಲಿ ಅವರು ದೇಶ ತೊರೆದರು. 2008ರ ಮೇ ತಿಂಗಳಲ್ಲಿ ದೆಹಲಿ ಉಚ್ಚ ನ್ಯಾಯಾಲಯ ತನ್ನ ಮುಂದಿದ್ದ ಮೊಕದ್ದಮೆಗಳನ್ನು ರದ್ದುಗೊಳಿಸಿತು. 2010ರಲ್ಲಿ ಕತಾರ್ ದೇಶದ ಪೌರತ್ವ ಸ್ವೀಕರಿಸಿದ ಅವರು 2011ರ ಜೂನ್ 9ರಂದು ಲಂಡನ್ನಿನಲ್ಲಿ ತೀರಿಕೊಂಡು ಅಲ್ಲಿಯ ಮಣ್ಣಿನಲ್ಲಿಯೇ ಸೇರಿದರು.

ಈ ವಿವಾದದಲ್ಲಿ ಎರಡೂ ಪಕ್ಷಗಳು ಪರಂಪರೆಯ ಹೆಸರೆತ್ತಿದವು. ದೇವಾಲಯಗಳ ಶಿಲ್ಪಗಳನ್ನು ತೋರಿಸಿ ಹುಸೇನರನ್ನು ಸಮರ್ಥಿಸಿದವರು ಒಂದೆಡೆ. ಶ್ರದ್ಧೆಗೆ ಧಕ್ಕೆಯಾಯಿತೆಂದವರು ಇನ್ನೊಂದೆಡೆ. ಜಾನಪದ ಅಧ್ಯಯನವು ಇಲ್ಲಿ ಒಂದು ಸೂಕ್ಷ್ಮವನ್ನು ಸೇರಿಸಬಲ್ಲದು. ದೇವರನ್ನು ಬಯ್ಯುವ, ಹಾಸ್ಯ ಮಾಡುವ, ಅಶ್ಲೀಲವೆನಿಸುವ ಮಾತಾಡುವ ಸ್ವಾತಂತ್ರ್ಯ ನಮ್ಮ ಜಾತ್ರೆಗಳಲ್ಲಿ, ಗೊಂಬೆಯಾಟದ ಹಾಸ್ಯಪಾತ್ರಗಳಲ್ಲಿ, ಹೋಳಿಯಲ್ಲಿ ಧಾರಾಳವಾಗಿದೆ. ಆದರೆ ಆ ಸ್ವಾತಂತ್ರ್ಯ ವ್ಯಕ್ತಿಯದಲ್ಲ, ಸಂದರ್ಭದ್ದು. ಕಾಲ, ಸ್ಥಳ, ಸಮುದಾಯಗಳು ಸೇರಿ ಅದಕ್ಕೆ ಒಪ್ಪಿಗೆ ಕೊಟ್ಟಿರುತ್ತವೆ. ಆಧುನಿಕ ಚಿತ್ರವು ಆ ಸಂದರ್ಭದಿಂದ ಹೊರಬಂದು ಅಚ್ಚಿನಲ್ಲಿ ಎಲ್ಲೆಂದರಲ್ಲಿಗೆ ಹೋಗುತ್ತದೆ. ಆಗ ಅದನ್ನು ಕಾಯುವ ಸಮುದಾಯವಿರುವುದಿಲ್ಲ; ಕಾನೂನು ಮಾತ್ರ ಇರುತ್ತದೆ. ಹುಸೇನರ ಪರವಾಗಿ ಕಾನೂನು ನಿಂತಿತು. ಆದರೆ ಬಂಡಿಯ ಸುತ್ತ ಸೇರಿದ್ದ ಆ ಹಳ್ಳಿಗಳಂತಹ ಸಮುದಾಯವೊಂದು ಅವರ ಬೆನ್ನಿಗೆ ಇರಲಿಲ್ಲ. ಇಡೀ ಬದುಕನ್ನು ಸಂಚಾರದಲ್ಲಿ ಕಳೆದವರಿಗೆ ಕೊನೆಯ ಪಯಣ ಮಾತ್ರ ಮರಳಿ ಬರಲಾಗದ ಪಯಣವಾಯಿತು. ಸಂಚಾರಕ್ಕೂ ವಲಸೆಗೂ ಇರುವ ಅಂತರ ಇಷ್ಟೆ: ಮೊದಲನೆಯದಕ್ಕೆ ಮರಳುವ ದಾರಿ ಇರುತ್ತದೆ. ಪಂಢರಪುರಕ್ಕೆ ಹೋದ ದಿಂಡಿ ಊರಿಗೆ ಮರಳಿದಾಗಲೇ ಯಾತ್ರೆ ಪೂರ್ಣವಾಗುವುದು.

ಹುಸೇನರು ಕೊನೆಯ ದಿನಗಳಲ್ಲಿ ರೂಪಿಸಿದ, 2019ರಲ್ಲಿ ದೋಹಾದಲ್ಲಿ ಲೋಕಾರ್ಪಣೆಗೊಂಡ ಕೃತಿಯಲ್ಲಿ ಗಾಜಿನ ಕುದುರೆಗಳಿವೆ. ಅದರ ಹೆಸರು 'ಸೀರೂ ಫಿಲ್ ಅರ್ದ್'. ಭೂಮಿಯ ಮೇಲೆ ಸಂಚರಿಸಿರಿ ಎಂಬುದು ಆ ಅರಬ್ಬಿ ಮಾತಿನ ಅರ್ಥ. ದುಲ್ದುಲ್ ಕುದುರೆ ಅಲ್ಲಿಯೂ ನಡೆಯುತ್ತಿದೆ, ಸವಾರನಿಲ್ಲದೆ.

ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಹುಸೇನರು ಗುರುವಿಲ್ಲದೆ ಕಲಿತವರಲ್ಲ. ಅಕ್ಷರ, ಫಲಕ, ಆಟಿಕೆ ಮತ್ತು ಮೆರವಣಿಗೆಗಳು ಅವರ ಗುರುಗಳು. ಪಯಣಗಳು ಅವರ ಶೈಲಿಯನ್ನು ಹುಟ್ಟಿಸಲಿಲ್ಲ, ಬಾಲ್ಯದ ದೃಶ್ಯಸ್ಮೃತಿಗೆ ಕಾಲಕಾಲಕ್ಕೆ ಹೊಸ ವ್ಯಾಕರಣವನ್ನು ಒದಗಿಸಿದವು. ನೋಡುವ ಸಮುದಾಯದೊಡನೆ ಸಂಬಂಧವಿದ್ದಷ್ಟು ಕಾಲ ಆ ಶೈಲಿ ಬೆಳೆಯಿತು. ಸಂಬಂಧ ಸಡಿಲಗೊಂಡಾಗ ಸೂತ್ರವಾಗಿ ಗಟ್ಟಿಯಾಯಿತು.

ಈ ಅಧ್ಯಯನವು ನಮ್ಮ ಪ್ರದೇಶದ ಕಡೆಗೂ ಬೆರಳು ಮಾಡುತ್ತದೆ. ಅಂಗಡಿಯ ಫಲಕ ಬರೆಯುವವರು, ನಾಟಕದ ಪರದೆ ಬರೆಯುವವರು, ಟ್ರ್ಯಾಕ್ಟರು ಟ್ರೇಲರುಗಳ ಮೇಲೆ ಹೂಬಳ್ಳಿ ಬಿಡಿಸುವವರು, ಮೊಹರಮ್ಮಿಗೆ ಡೋಲಿ ಸಿಂಗರಿಸುವವರು ಮುದ್ದೇಬಿಹಾಳದಂತಹ ಊರುಗಳಲ್ಲಿ ಅದೇ ಬೀದಿಯ ಶಾಲೆಯಲ್ಲಿ ಕಲಿತವರು. ಮುದ್ರಿತ ಫ್ಲೆಕ್ಸ್ ಬಂದ ಮೇಲೆ ಅವರಲ್ಲಿ ಅನೇಕರ ಕುಂಚ ಮೂಲೆ ಸೇರಿದೆ. ಅವರ ಕೆಲಸದ ದಾಖಲಾತಿ ವ್ಯವಸ್ಥಿತವಾಗಿ ನಡೆಯಬೇಕು. ಆ ಗೋಡೆಗಳು ಸುಣ್ಣ ಕಾಣುವ ಮೊದಲೇ ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಈ ಹೊಣೆಯನ್ನು ಹೊರುವುದು ಅಗತ್ಯ.